ಕಣ್ಣಿದ್ದ ಕಲ್ಲು, ನಂಬರಿಲ್ಲದ ಗಾಡಿ

ಮಗುಚಿ ಬಿದ್ದ ಗಾಡಿಗಳನ್ನು ನೋಡುವುದೇ ನನ್ನ ಉದ್ಯೋಗ. ಬೇರೆಯವರು ಬೆಳಿಗ್ಗೆ ಎದ್ದು ದೇವರ ಪಟ ನೋಡುತ್ತಾರೆ; ನಾನು ಯಾರದೋ ಲಾರಿಯ ಹೊಟ್ಟೆ ನೋಡುತ್ತೇನೆ. ಗಾಡಿ ಯಾಕೆ ಬಿತ್ತು, ತಪ್ಪು ಯಾರದು ಎಂದು ವರದಿ ಕೊಡಲು ವಿಮಾ ಕಂಪನಿಗಳು ನನ್ನಂಥ ಸರ್ವೇಯರುಗಳನ್ನು ಕಳಿಸುತ್ತವೆ. ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದು ತಲೆ ಬೆಳ್ಳಗಾಗುವಷ್ಟು ಕಾಲವಾಯಿತು. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಸಿದ್ಧಾಂತ ಒಂದೇ: ಮಾಲೀಕ ಸುಳ್ಳು ಹೇಳಬಹುದು, ಡ್ರೈವರ್ ಹೇಳಬಹುದು, ಬಿದ್ದ ಗಾಡಿ ಮಾತ್ರ ಸುಳ್ಳು ಹೇಳುವುದಿಲ್ಲ. ಇದನ್ನು ನಾನು ಊಟದ ಹೊತ್ತಿಗೆ ಮನೆಯಲ್ಲಿ ಅನೇಕ ಸಲ ಮಂಡಿಸಿದ್ದೇನೆ. "ಹೌದ್ರಿ, ಮೊದ್ಲು ಊಟ ಮಾಡ್ರಿ" ಎಂದು ಹೆಂಡತಿ ಪ್ರತಿ ಸಲವೂ ಸರ್ವಾನುಮತದಿಂದ ಅಂಗೀಕರಿಸಿದ್ದಾಳೆ.

ನಾನು ನಾಸ್ತಿಕನಲ್ಲ. ದೇವರು ಇರಬಹುದು. ಆದರೆ ನನ್ನ ವರದಿಗಳಲ್ಲಿ ಅವನಿಗೆ ಎಂದೂ ಜಾಗ ಕೊಟ್ಟವನಲ್ಲ. ಒಂದು ಸಲ ಕೊಡಬೇಕಾಗಿ ಬಂತು. ಅದನ್ನೇ ಬರೆಯುತ್ತಿದ್ದೇನೆ.

ಪಟಾನ್‌ಚೆರು ದಾಟಿ, ಕಾರ್ಖಾನೆಗಳ ವಾಸನೆ ಮೂಗು ಬಿಟ್ಟ ಮೇಲೆ, ಬಂಡೆಗಳ ನಡುವೆ ಒಂದು ಸಾಹಸ ಪಾರ್ಕು ಇದೆ. ವಾರವೆಲ್ಲ ರಸ್ತೆಯಲ್ಲಿ ಪುಕ್ಕಟೆ ಸಿಗುವ ಧೂಳನ್ನೂ ಗುಂಡಿಯನ್ನೂ ನಗರದ ಮಂದಿ ರಜೆಯ ದಿನ ಅಲ್ಲಿ ಟಿಕೆಟ್ಟು ಕೊಟ್ಟು ಅನುಭವಿಸುತ್ತಾರೆ. ಅದಕ್ಕೆಂದೇ ಇರುವುದು ನಾಲ್ಕು ಗಾಲಿಯ ಬೈಕು. ಉಬ್ಬಿದ ದಪ್ಪ ಟೈರು, ಕುದುರೆಯ ಮೇಲೆ ಕೂತಂತೆ ಕಾಲು ಅಗಲಿಸಿ ಕೂರುವ ಸೀಟು, ಹಿಂದೆ ಇನ್ನೊಬ್ಬರಿಗೆ ಜಾಗ, ಬಲಗೈ ಹೆಬ್ಬೆರಳಿನಿಂದ ಒತ್ತುವ ಎಕ್ಸಲೇಟರು. ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಅದಕ್ಕೆ ನಂಬರಿಲ್ಲ. ಆವರಣದೊಳಗೇ ಓಡುವಂಥದ್ದು ವಾಹನವೆಂಬ ವ್ಯಾಖ್ಯೆಗೇ ಬರುವುದಿಲ್ಲ, ಅಪಘಾತದ ಟ್ರಿಬ್ಯೂನಲ್ಲಿಗೆ ಹೋಗಿ ಉಪಯೋಗವಿಲ್ಲ, ಗ್ರಾಹಕ ಆಯೋಗಕ್ಕೇ ಹೋಗಬೇಕು ಎಂದು ಬಿದ್ದವರಿಗೆ ಅವರ ವಕೀಲರು ಹೇಳಿದ್ದರಂತೆ. ಅಂದರೆ ಕಾನೂನಿನ ಕಣ್ಣಿಗೆ ಆ ಗಾಡಿ ಇರಲೇ ಇಲ್ಲ. ಇಲ್ಲದ ಆ ಗಾಡಿ ಗಂಡಹೆಂಡತಿ ಇಬ್ಬರ ಮೇಲೆ ಬಿದ್ದಿತ್ತು.

ಹೆಂಡತಿ ಓಡಿಸುತ್ತಿದ್ದಳು, ಗಂಡ ಹಿಂದೆ ಕೂತಿದ್ದ. ಗಾಡಿಯೇ ಸರಿಯಿರಲಿಲ್ಲ, ಪರಿಹಾರ ಕೊಡಿ ಎಂಬುದು ಅವರ ದಾವೆ. ಗಾಡಿ ಸರಿಯಿತ್ತು, ಆಕೆಯೇ ಸೆಲ್ಫಿ ತೆಗೆಯಲು ಕೈ ಬಿಟ್ಟಳು ಎಂಬುದು ಪಾರ್ಕಿನ ಉತ್ತರ. ಸಾಕ್ಷಿಗೆ ಕ್ಯಾಮೆರಾದ ಒಂದು ತುಣುಕು ಕೊಟ್ಟಿದ್ದರು. ಧೂಳಿನಲ್ಲಿ ಗಾಡಿ ತಿರುವಿಗೆ ಬರುತ್ತದೆ, ಆಕೆಯ ಎಡಗೈ ಹ್ಯಾಂಡಲು ಬಿಟ್ಟು ಮೇಲೇಳುತ್ತದೆ, ಗಾಡಿ ಎಡಕ್ಕೆ ತಿರುಗಿ ದಿಬ್ಬ ಹತ್ತಿ ಬಲಕ್ಕೆ ಮಗುಚುತ್ತದೆ. ಅಷ್ಟೇ. ಪಾರ್ಕಿಗೆ ವಿಮೆ ಕೊಟ್ಟಿದ್ದ ಕಂಪನಿ ನನ್ನನ್ನು ಕಳಿಸಿತು.

ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳು ಆಕಾಶವನ್ನೇ ಬಾಡಿಗೆಗೆ ಹಿಡಿದಿರುವ ಒಂದು ಗಲ್ಲಿಯಲ್ಲಿ ಅವರ ಮನೆ. ಆಕೆ ಅಂಥದೇ ಒಂದು ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು. ಆತನದು ಬಟ್ಟೆ ವ್ಯಾಪಾರ. ಇಬ್ಬರೂ ನಮ್ಮ ಸೇಡಂ ಕಡೆಯವರೇ. ಆಕೆಯ ಮುಂಗೈ ಮುರಿದು ಕೂಡಿಕೊಂಡಿತ್ತು. ಆತನ ಸೊಂಟದ ಎಲುಬು ಇನ್ನೂ ಕೂಡುತ್ತಲೇ ಇತ್ತು. ಅಂಗಡಿಯಲ್ಲಿ ದಿನವಿಡೀ ನಿಂತಿರುತ್ತಿದ್ದ ಮನುಷ್ಯ ಈಗ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ವಾಕರನ್ನು ನೋಡುತ್ತಿದ್ದ.

"ಬರ್ರಿ ಕಾಕಾ, ಕೂಡ್ರಿ," ಎಂದಳು ಆಕೆ. ನಮ್ಮ ಕಡೆ ಸರ್ವೇಯರ್ ಆದರೂ ಕಾಕಾನೇ.

ನಾನು ಹುದ್ದೆಗೆ ತಕ್ಕ ಗಾಂಭೀರ್ಯ ತಂದುಕೊಂಡು ಕೇಳಿದೆ: "ಎಡಗೈ ಯಾಕ ಬಿಟ್ಟಿ ತಂಗಿ?"

"ಬಿಟ್ಟೆ ಅಂತ ಯಾರು ಅಂದ್ರು?"

"ಕ್ಯಾಮೆರಾ ಅಂತೈತಿ."

"ನನಗ ನೆನಪಿಲ್ರಿ. ಆ ತಿರುವು ನೆನಪೈತಿ. ಆಮ್ಯಾಲೆ ದವಾಖಾನಿ ಪಂಖಾ ನೆನಪೈತಿ. ನಡುವ ಏನೂ ಇಲ್ಲ."

"ಆಕೀಗ ನೆನಪಿಲ್ಲಂದ್ರ ಏನಾತು, ನನಗೈತಿ," ಎಂದ ಗಂಡ, ಕಿಟಕಿಯ ಕಡೆ ನೋಡುತ್ತಲೇ. "ನಾ ಹಿಂದ ಎರಡೂ ಕೈಲೆ ಗಟ್ಟಿ ಹಿಡಕೊಂಡು ಕುಂತಿದ್ದೆ. ಕೈ ಬಿಟ್ಟಾಕಿ ಈಕಿ."

"ನೀವು ಕಣ್ಣಾರ ನೋಡಿದ್ರೇನು?"

"ನೋಡೂದೇನೈತ್ರಿ? ಗಾಡಿ ಬಿತ್ತಲ್ಲ!"

"ಸೆಲ್ಫಿ ಅಂತಾರಲ್ಲ, ಫೋನು ಇವರ ಕಿಸೇದಾಗಿತ್ತು ಕಾಕಾ," ಎಂದಳು ಆಕೆ. ಗಂಡ ಅದನ್ನು ಅಲ್ಲಗಳೆಯಲಿಲ್ಲ.

ನನ್ನನ್ನು ಕಳಿಸಲು ಮೆಟ್ಟಿಲ ತನಕ ಬಂದವಳು ದನಿ ತಗ್ಗಿಸಿದಳು. "ಕೇಸು ಗೆದ್ರ ಗೆಲ್ಲಲಿ, ಬಿಟ್ರ ಬಿಡಲಿ. ನಾ ಕೈ ಬಿಟ್ಟಿದ್ರ ಯಾಕ ಬಿಟ್ಟೆ, ಅಷ್ಟು ಹುಡುಕಿ ಹೇಳ್ರಿ. ಇವರು ನನ್ನ ಬೈಯೂದಿಲ್ರಿ. ಬೈದಿದ್ರ ಚಲೋ ಇತ್ತು. ಬಚ್ಚಲಕ್ಕ ಹೋಗುವಾಗ ನಾ ಕೈ ಚಾಚಿದ್ರ, ಅದನ್ನ ಬಿಟ್ಟು ಗ್ವಾಡಿ ಹಿಡೀತಾರ."

ಇಂಥ ಪ್ರಶ್ನೆಗೆ ನನ್ನ ವರದಿಯಲ್ಲಿ ಕಾಲಮ್ಮಿಲ್ಲ. "ನೋಡೂಣು" ಎಂದೆ. ಸರ್ವೇಯರನ ಶಬ್ದಕೋಶದಲ್ಲಿ ಇದಕ್ಕಿಂತ ಸುರಕ್ಷಿತ ಪದ ಇನ್ನೊಂದಿಲ್ಲ.

ಮರುದಿನ ಪಟಾನ್‌ಚೆರುವಿನ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಗುಡಿ ಬಂತು. ಬಸ್ಸಿನಲ್ಲಿದ್ದ ಕೈಗಳೆಲ್ಲ ಒಮ್ಮೆಲೇ ಎದ್ದು ಎದೆಗೆ, ಹಣೆಗೆ ಮುಟ್ಟಿ ಇಳಿದವು. ಮಾತಾಡುತ್ತಿದ್ದವರು ಮಾತು ನಿಲ್ಲಿಸಲಿಲ್ಲ. ತೂಕಡಿಸುತ್ತಿದ್ದವನೊಬ್ಬ ಕಣ್ಣನ್ನೂ ತೆರೆಯಲಿಲ್ಲ, ಅವನ ಕೈ ಮಾತ್ರ ಎದ್ದಿತು. ಡ್ರೈವರನ ಎಡಗೈಯೂ ಎದ್ದಿತು. ದೇವರಿಗೆ ಎಡಗೈಯಲ್ಲಿ ನಮಸ್ಕಾರ ಸಲ್ಲದು, ನಿಜ. ಆದರೆ ಗಾಡಿ ಓಡಿಸುವವರಿಗೆ ದೇವರು ಆ ಮಟ್ಟಿಗೆ ರಿಯಾಯಿತಿ ಕೊಟ್ಟಿದ್ದಾನೆ. ಇದನ್ನು ನಾನು ಜನ್ಮವಿಡೀ ನೋಡಿದ್ದೆ, ಆದ್ದರಿಂದ ಅಂದೂ ನೋಡಲಿಲ್ಲ.

ಪಾರ್ಕಿನಲ್ಲಿ ಅಂದು ಗಿರಾಕಿಗಳಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಒಂದರ ಮೇಲೊಂದು ಯಾರೋ ಇಟ್ಟು ಮರೆತಂತಿದ್ದ ಬಂಡೆಗಳು, ಹಕ್ಕಿಯ ಸದ್ದೂ ಇಲ್ಲ. ತಗಡಿನ ಶೆಡ್ಡಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮುಖವೂ ಗೋಡೆಯ ಕಡೆಗಿತ್ತು.

"ಹೀಗ್ಯಾಕ ನಿಲ್ಲಿಸೀರಿ?" ಎಂದೆ.

"ಆ ಕಡೆ ನೋಡೂದು ಬ್ಯಾಡ ಅಂತ್ರಿ," ಎಂದ ಮ್ಯಾನೇಜರು. ಬೀದರ್ ಕಡೆಯವನು, ಲವಲವಿಕೆಯ ಮನುಷ್ಯ. ಯಾವ ಕಡೆ ಎಂದು ನಾನು ಕೇಳಲಿಲ್ಲ. ಯಾರು ನೋಡಬಾರದು ಎಂದೂ ಕೇಳಲಿಲ್ಲ.

ಬಿದ್ದ ಗಾಡಿ ಮೂಲೆಯಲ್ಲಿ ತಾಡಪತ್ರಿ ಹೊದ್ದು ಕೂತಿತ್ತು. ಸುತ್ತ ಒಣಗಿದ ನಿಂಬೆಹಣ್ಣು. ಅಂದಿನಿಂದ ಕೆಲಸಗಾರರು ಯಾರೂ ಅದನ್ನು ಮುಟ್ಟಿಲ್ಲವಂತೆ. ತಾಡಪತ್ರಿ ಎಳೆದು ಸೀಟಿನ ಮೇಲೆ ಕೈಯಿಟ್ಟೆ. ತಗಡಿನ ಶಾಖವೇ ಇರಬೇಕು, ಯಾರೋ ಈಗಷ್ಟೇ ಇಳಿದು ಹೋದ ಹಾಗೆ ಬೆಚ್ಚಗಿತ್ತು. ಮಲಗಿ, ಬಗ್ಗಿ, ಬೈದುಕೊಂಡು ಎಲ್ಲವನ್ನೂ ಪರೀಕ್ಷಿಸಿದೆ. ಸ್ಟೇರಿಂಗು ಸರಿ, ಬ್ರೇಕು ಸರಿ, ಟೈರಿನ ಗಾಳಿ ಇರಬೇಕಾದಷ್ಟೇ. ಗಾಡಿ ನಿರಪರಾಧಿ. ನನ್ನ ಸಿದ್ಧಾಂತದ ಪ್ರಕಾರ ಉಳಿದವಳು ಆಕೆಯೊಬ್ಬಳೇ.

"ಸೇಫ್ಟಿಗೆ ಏನೇನು ಮಾಡೀರಿ?" ಎಂದು ಕೊನೆಯ ಪ್ರಶ್ನೆ ಹಾಕಿದೆ.

"ಬರ್ರಿ ಸಾಹೇಬ್ರ, ತೋರಿಸ್ತೀನಿ. ಭಾಳ ಮಾಡೀವಿ."

ಹೆಲ್ಮೆಟ್ಟು, ಬೇಲಿ ಏನಾದರೂ ತೋರಿಸುತ್ತಾನೆಂದು ಹಿಂದೆ ನಡೆದೆ. ಆತ ಟ್ರ್ಯಾಕಿನ ಆಚೆ ತುದಿಯ ತಿರುವಿಗೆ ಕರೆದೊಯ್ದು ಚಪ್ಪಲಿ ಬಿಟ್ಟ. ಎಡಕ್ಕೆ ದಿಬ್ಬ. ದಿಬ್ಬದ ಮೇಲೆ, ಗಂಟೆ ತೂಗುಹಾಕಿದ ಚಿಕ್ಕ ತಗಡಿನ ಮಾಡಿನ ಕೆಳಗೆ, ಮೊಣಕಾಲೆತ್ತರದ ಒಂದು ಕಲ್ಲು. ಅರಿಶಿನ ಬಳಿದು, ಕುಂಕುಮ ಇಟ್ಟು, ಬೇವಿನ ಸೊಪ್ಪು ಸಿಕ್ಕಿಸಿ, ಎರಡು ಬೆಳ್ಳಿ ಕಣ್ಣು ಅಂಟಿಸಿದ್ದರು. ಬಾಯಿ, ಮೂಗು ಏನೂ ಇರಲಿಲ್ಲ. ಕಣ್ಣು ಮಾತ್ರ. ನಾವು ಬಂದ ದಾರಿಯನ್ನೇ ನೋಡುತ್ತಿದ್ದವು.

"ಮೈಸಮ್ಮ, ಈ ಕಡೆ ಗ್ರಾಮದೇವತಿ," ಎಂದ ಮ್ಯಾನೇಜರು ಹೆಮ್ಮೆಯಿಂದ. "ಮೊದ್ಲು ಒಬ್ಬಾಂವ ಬಿದ್ದಾಗ ಅರಿಶಿನ ಬಳದ್ವಿ. ಮತ್ತ ಒಂದು ಬಿತ್ತು, ಕಣ್ಣು ಮಾಡಿಸಿದ್ವಿ. ಮತ್ತೂ ಬಿತ್ತು, ತಗಡು ಹೊದಿಸಿದ್ವಿ. ಈ ಗಂಡಹೆಂಡ್ತೀದು ಆದಮ್ಯಾಲೆ ಗಂಟಿ ಕಟ್ಸೀವಿ. ನಮ್ಮ ಕಡಿಂದ ಏನೂ ಕಮ್ಮಿ ಮಾಡಿಲ್ರಿ."

"ಆ ಕ್ಯಾಮೆರಾ?" ಎಂದು ತಿರುವಿನ ಬದಿಯ ಕಂಬ ತೋರಿಸಿದೆ.

"ಅವ್ವನ ಕಣ್ಣು ಬೆಳ್ಳೀವಲ್ರಿ, ಕಳುವು ಆದ್ರ?"

ಸಾಕ್ಷಿಯ ತುಣುಕು ಎಲ್ಲಿಂದ ಬಂತೆಂಬುದು ಹೀಗೆ ತಿಳಿಯಿತು. ಮನುಷ್ಯರು ಬೀಳುವುದನ್ನು ನೋಡಲೆಂದು ಅದನ್ನು ಅಲ್ಲಿಟ್ಟಿರಲಿಲ್ಲ.

ನಾನೇ ಒಂದು ಸುತ್ತು ಹೋಗಿ ನೋಡಬೇಕೆಂದೆ. ಆ ವಯಸ್ಸಿನಲ್ಲಿ ಅದು ಕರ್ತವ್ಯನಿಷ್ಠೆಯೋ ಚಪಲವೋ ಹೇಳಲಾರೆ. ಗಾಡಿಯ ಜೊತೆಗೆ ಬರುವ ಸುರಕ್ಷತೆಯ ದಾರ ಎಲ್ಲಿ ಎಂದು ಕೇಳಿದೆ. ಕೆಂಪು ಬಣ್ಣದ ಸುರುಳಿ ದಾರ ಅದು; ಒಂದು ತುದಿ ಸವಾರನ ಮಣಿಕಟ್ಟಿಗೆ, ಇನ್ನೊಂದು ಎಂಜಿನ್ನಿನ ಸ್ವಿಚ್ಚಿಗೆ. ಸವಾರ ಬಿದ್ದರೆ, ಕೈ ದೂರ ಹೋದರೆ, ದಾರ ಕಿತ್ತು ಎಂಜಿನ್ ನಿಲ್ಲುತ್ತದೆ.

"ಅದು ಬ್ಯಾಡ್ರಿ ಸಾಹೇಬ್ರ, ಭಾರೀ ಕಿರಿಕಿರಿ."

"ಕಟ್ಟು."

ಹಳೆಯ ಡಬ್ಬಿಯೊಂದರಿಂದ ದಾರ ಹುಡುಕಿ ತಂದು, ಮನಸ್ಸಿಲ್ಲದ ಮನಸ್ಸಿನಿಂದ ಎಡಗೈಗೆ ಕಟ್ಟಿದ. ನಾನು ಹೊರಟೆ. ಮದುಮಗನ ಮೆರವಣಿಗೆಯೂ ನನಗಿಂತ ಜೋರಾಗಿ ಹೋಗುತ್ತದೆ, ಅಂಥ ವೇಗ. ಬಂಡೆಗಳ ಸಂದಿಯಲ್ಲಿ ಎಂಜಿನ್ನಿನ ಸದ್ದು ಎದುರಿನಿಂದಲೂ ಕೇಳುತ್ತಿತ್ತು, ಇನ್ನೊಂದು ಗಾಡಿ ಬರುತ್ತಿರುವಂತೆ. ತಿರುವು ಬಂತು. ಬಿಸಿಲಿಗೆ ಆ ಎರಡು ಕಣ್ಣು ಫಳಕ್ಕೆಂದವು.

ಆಮೇಲೆ ನಿಶ್ಶಬ್ದ.

ಎಂಜಿನ್ ಯಾಕೆ ನಿಂತಿತೆಂದು ತಕ್ಷಣ ತಿಳಿಯಲಿಲ್ಲ. ಮುಂದಿನ ಎಡಗಾಲಿ ದಿಬ್ಬ ಹತ್ತಿ ನಿಂತಿತ್ತು. ಗಾಡಿ ವಾಲಿತ್ತು, ನಾನೂ ವಾಲಿದ್ದೆ. ಕೆಳಗೆ ನೋಡಿದೆ. ನನ್ನ ಎಡಗೈ ಹ್ಯಾಂಡಲಿನ ಮೇಲೆ ಇರಲಿಲ್ಲ. ಅದು ನನ್ನ ಎದೆಯ ಮೇಲಿತ್ತು.

ನಾನು ಅದನ್ನು ಎತ್ತಿರಲಿಲ್ಲ. ಇದನ್ನು ಯಾವ ಆಯೋಗದ ಮುಂದೆ ಬೇಕಾದರೂ ಹೇಳುತ್ತೇನೆ. ಅಲ್ಲಿ ಕಲ್ಲಿದೆ ಎಂದು ಗೊತ್ತಿದ್ದೇ ಹೋಗಿದ್ದೆ, ಕೈ ಬಿಡಬಾರದೆಂದು ಗೊತ್ತಿದ್ದೇ ಹೋಗಿದ್ದೆ. ಕೈ ನನ್ನನ್ನು ಕೇಳಲಿಲ್ಲ. ತಲೆ ಬಾಗಿದೆ, ಮೈಯ ಭಾರ ಬಲಗೈಗೆ ಬಿದ್ದಿದೆ, ಹೆಬ್ಬೆರಳು ಎಕ್ಸಲೇಟರು ಒತ್ತಿದೆ, ಹ್ಯಾಂಡಲು ಎಡಕ್ಕೆ ತಿರುಗಿದೆ, ಗಾಡಿ ನನ್ನನ್ನು ದೇವಿಯ ಬಳಿಗೇ ಕರೆದೊಯ್ಯುತ್ತಿತ್ತು. ಆ ಕೆಂಪು ದಾರವೊಂದು ನಡುವೆ ಬಾರದಿದ್ದರೆ ಈ ಬರಹದ ಬದಲು ನನ್ನ ಬಗ್ಗೆ ಬೇರೊಬ್ಬ ಸರ್ವೇಯರನ ವರದಿ ಇರುತ್ತಿತ್ತು.

ಮ್ಯಾನೇಜರು ಓಡಿ ಬಂದ. ಮುಖದಲ್ಲಿ ಗಾಬರಿಯಿರಲಿಲ್ಲ, ಆನಂದವಿತ್ತು.

"ನಿಮ್ದೂ ನಿಂತ್ತಲ್ರಿ! ಎಲ್ಲಾರ್ದೂ ಇಲ್ಲೇ ನಿಲ್ತಿತ್ತು. ಅವ್ವ ನಿಲ್ಲಸ್ತಿದ್ಳು. ಗಿರಾಕಿ ಮಂದಿ ಸಿಟ್ಟಿಗೇಳ್ತಿದ್ರು, ಹಿಂದಿನ ಗಾಡಿ ಬಂದು ಹಾಯ್ತಿದ್ವು. ಅದಕ್ಕ ದಾರ ತಗಿಸಿಬಿಟ್ವಿ. ಈಗ ಯಾವ್ದೂ ನಿಲ್ಲಂಗಿಲ್ಲ."

"ಬೀಳ್ತಾವು," ಎಂದೆ.

"ಹೌದ್ರಿ, ಬೀಳ್ತಾವು," ಎಂದ ಆತ, ಎರಡಕ್ಕೂ ಯಾವ ಸಂಬಂಧವೂ ಇಲ್ಲದಂತೆ. "ಅದಕ್ಕ ಗಂಟಿ ಕಟ್ಸೀವಿ."

ನಾನು ಇಳಿದು ಬಂಡೆಯ ನೆರಳಿನಲ್ಲಿ ಕೂತು ನೀರು ಕುಡಿದೆ. ಈಗ ಎಲ್ಲವೂ ಸರಳವಾಗಿತ್ತು. ಬಿದ್ದರೆಂದು ಕಲ್ಲನ್ನು ದೇವರು ಮಾಡಿದರು, ದೇವರಾಯಿತೆಂದು ಜನ ಕೈಯೆತ್ತಿದರು, ಕೈಯೆತ್ತಿದರೆಂದು ಎಂಜಿನ್ ನಿಂತಿತು, ನಿಂತಿತೆಂದು ದಾರ ತೆಗೆದರು, ದಾರವಿಲ್ಲದೆ ಬಿದ್ದರು, ಬಿದ್ದರೆಂದು ದೇವರನ್ನು ಇನ್ನಷ್ಟು ದೊಡ್ಡದು ಮಾಡಿದರು. ವರದಿ ತಾನಾಗಿಯೇ ಬರೆಸಿಕೊಳ್ಳುತ್ತದೆ ಎಂದುಕೊಂಡು, ಸುಮ್ಮನೆ ಮಾತಿಗೆ ಕೇಳಿದೆ: "ಮೊದಲ್ನೇದಾಂವ ಯಾಕ ಬಿದ್ದ? ಆಗ ಇದು ಬರೀ ಕಲ್ಲಲ್ಲ?"

"ಬರೀ ಕಲ್ಲ ರೀ. ಗಿಡದ ಮರೆಗಿತ್ತು, ಯಾರ ಕಣ್ಣಿಗೂ ಬೀಳ್ತಿದ್ದಿಲ್ಲ. ಆಂವ ಕೊಂಡಾಪುರ ಕಡಿಂದ ಆಫೀಸಿನವರ ಜೋಡಿ ಬಂದಿದ್ದ. ಮೆತ್ತಗ ಬಿದ್ದ, ಏನೂ ಆಗಲಿಲ್ಲ. ಆದ್ರ ಹಿಂದಿನ ಗಾಡಿಯವರು ಅಂದ್ರು, ಬೀಳೂಕಿಂತ ಮೊದ್ಲ ಗಿಡದ ಕಡೆ ಹೊಳ್ಳಿ ಕೈ ಎತ್ತಿ ಯಾರಿಗೋ ನಮಸ್ಕಾರ ಮಾಡಿದನಂತ. ಅದಕ್ಕ ನಾವು ಗಿಡ ಸವರಿ ನೋಡಿದ್ವಿ. ಈ ಕಲ್ಲು ಇತ್ತು." ಆತ ಚಪ್ಪಲಿ ಮೆಟ್ಟಿಕೊಂಡ. "ಇಲ್ಲಂದ್ರ ಇಲ್ಲಿ ಅವ್ವ ಅದಾಳ ಅಂತ ನಮಗರ ಹ್ಯಾಂಗ ಗೊತ್ತಾಗಬೇಕು?"

ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಎದ್ದೆ. ನಾನು ಮತ್ತೆ ಕಲ್ಲಿನ ಕಡೆ ನೋಡಲಿಲ್ಲ. ಶೆಡ್ಡಿನ ಗಾಡಿಗಳು ಗೋಡೆಗೆ ಮುಖ ಮಾಡಿ ನಿಂತದ್ದು ಯಾಕೆಂದು ಕೇಳುವ ಆಸೆಯೂ ಉಳಿದಿರಲಿಲ್ಲ.

ಅಲ್ಲಿಯ ಆಫೀಸಿನ ಕಂಪ್ಯೂಟರಿನಲ್ಲಿ ಆ ತುಣುಕನ್ನು ಮತ್ತೊಮ್ಮೆ ಹಾಕಿಸಿದೆ. ಇದುವರೆಗೆ ಎಲ್ಲರೂ ಆಕೆಯ ಎಡಗೈಯನ್ನೇ ನೋಡಿದ್ದೆವು, ಜಗಳ ಅದರದೇ ಆಗಿತ್ತಲ್ಲ. ಈ ಸಲ ಹಿಂದಿನ ಸೀಟು ನೋಡಿದೆ. ಗಂಡನ ಎರಡೂ ಕೈ ಎದೆಯ ಮುಂದೆ ಒಂದಕ್ಕೊಂದು ಸೇರಿದ್ದವು. ಆತ ಏನನ್ನೂ ಹಿಡಿದಿರಲಿಲ್ಲ. ಇಬ್ಬರ ತಲೆಯೂ ಒಂದೇ ಕಡೆಗೆ, ಒಂದೇ ಕ್ಷಣ ಬಾಗಿತ್ತು. ಹಾಗೇ, ಭಕ್ತಿಯಿಂದ, ಮಗುಚಿದರು.

ಅದನ್ನು ಫೋನಿಗೆ ಹಾಕಿಸಿಕೊಂಡು ದಿಲ್‌ಸುಖ್‌ನಗರಕ್ಕೆ ಮತ್ತೆ ಹೋದೆ. ಆಕೆ ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ತನ್ನ ಕೈಯನ್ನೇ ಯಾರದೋ ಎಂಬಂತೆ ದಿಟ್ಟಿಸಿದಳು.

"ಅಂದ್ರ ನಾ ಬಿಟ್ಟಿದ್ದು ಖರೇನ."

"ಖರೆ. ನಾನೂ ಬಿಟ್ಟೆ," ಎಂದು ನನ್ನ ಕಥೆಯನ್ನೂ ಮೊದಲು ಬಿದ್ದವನ ಕಥೆಯನ್ನೂ ಹೇಳಿದೆ. ಆಮೇಲೆ ಫೋನನ್ನು ಗಂಡನ ಕೈಗೆ ಕೊಟ್ಟೆ. "ಹಿಂದ ನೋಡ್ರಿ."

ಆತ ನೋಡಿದ. ಬಹಳ ಹೊತ್ತು ನೋಡಿದ. ಗಲ್ಲಿಯಲ್ಲಿ ಯಾವುದೋ ಸೆಂಟರು ಬಿಟ್ಟು ಮಕ್ಕಳು ಗದ್ದಲ ಮಾಡುತ್ತ ಹೋದರು.

"ಇದು ನಾನಲ್ಲ," ಎಂದ ಕೊನೆಗೆ.

"ಮತ್ಯಾರ್ರಿ? ನಿಮ್ಮ ಅಂಗಿ ಹಾಕ್ಕೊಂಡು ಮೈಸಮ್ಮ ಕುಂತಿದ್ಳೇನು?" ಎಂದಳು ಆಕೆ. ಅಷ್ಟು ದಿನಗಳ ನಂತರ ಆ ಮನೆಯಲ್ಲಿ ಎದ್ದ ಮೊದಲ ಜಗಳವಿರಬೇಕು. ಕೇಳಲು ಹಿತವಾಗಿತ್ತು.

"ನಾ ಹಿಡಕೊಂಡಿದ್ದೆ. ನನಗ ನೆನಪೈತಿ." ಆತನ ದನಿ ಸಣ್ಣಗಾಯಿತು. "ಕಬ್ಬಿಣ ತಣ್ಣಗಿತ್ತು, ಅದೂ ನೆನಪೈತಿ."

ತುಣುಕಿನಲ್ಲಿ ಕಂಡ ಆ ಬಿಸಿಲಿನಲ್ಲಿ ಕಬ್ಬಿಣ ತಣ್ಣಗಿರಲು ಸಾಧ್ಯವಿರಲಿಲ್ಲ. ಮೂವರಿಗೂ ಅದು ಹೊಳೆಯಿತು.

ನಾನು ಕಾನೂನು ತಿಳಿಸಿದೆ: ಹಿಂದೆ ಕೂತವನೂ ಹಿಡಿದಿರಲಿಲ್ಲ ಎಂದು ಬರೆದರೆ ಆತನ ಪಾಲಿನ ಪರಿಹಾರ ಕಡಿಮೆಯಾಗಬಹುದು, ಬರೆಯದಿದ್ದರೆ ತಪ್ಪೆಲ್ಲ ಮುಂದೆ ಕೂತವಳ ತಲೆಗೆ ಬರಬಹುದು. ಆತ ವಾಕರಿನ ಹಿಡಿಯ ಮೇಲೆ ಬೆರಳಾಡಿಸುತ್ತ ಕೂತ.

"ಬರೀರಿ," ಎಂದ. "ಇಬ್ರೂ ಕೈ ಮುಗದೀವಿ ಅಂತ ಬರೀರಿ."

ಬರೆದೆ. ಕಾರಣ ಎಂಬ ಕಾಲಮ್ಮಿನಲ್ಲಿ ‘ನಮಸ್ಕಾರ’ ಎಂದು ಬರೆದು, ಅದು ಗೊತ್ತಿದ್ದೂ ಪಾರ್ಕಿನವರು ದಾರ ತೆಗೆದದ್ದೇ ತಪ್ಪು ಎಂದು ಕೆಳಗೆ ವಿವರಿಸಿದೆ. ಕಂಪನಿಯ ಅಧಿಕಾರಿ ಫೋನ್ ಮಾಡಿ, ಇದು ಯಂತ್ರದೋಷದ ಅಡಿ ಬರುತ್ತದೆಯೋ ದೈವಘಟನೆಯ ಅಡಿಯೋ ಎಂದು ಪ್ರಾಮಾಣಿಕವಾಗಿ ಕೇಳಿದರು. ಅವರ ಸಂಕಟ ನನಗೆ ಅರ್ಥವಾಯಿತು.

ಆಯೋಗದ ಮುಂದೆ ಪಾರ್ಕಿನ ವಕೀಲರು ನನ್ನ ವರದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಬುದ್ಧಿ ನೆಟ್ಟಗಿರುವ ಯಾರೂ ಓಡುವ ಗಾಡಿಯಲ್ಲಿ ಕೈ ಬಿಡುವುದಿಲ್ಲ, ಸರ್ವೇಯರರು ಕಥೆ ಕಟ್ಟಿದ್ದಾರೆ ಎಂದು ವಾದಿಸಿದರು. ತಾವೇ ಲ್ಯಾಪ್‌ಟಾಪು ತಿರುಗಿಸಿ ತುಣುಕು ಹಾಕಿದರು. ಪರದೆಯ ಎಡ ಮೂಲೆಯಲ್ಲಿ, ಧೂಳಿನ ನಡುವೆ, ಆ ಎರಡು ಕಣ್ಣು ಹೊಳೆದವು. ವಕೀಲರು ಮಾತು ನಿಲ್ಲಿಸಲಿಲ್ಲ. ಅವರ ಕೈಯಲ್ಲಿದ್ದ ನನ್ನ ವರದಿ ಕೆಳಗೆ ಬಿತ್ತು. ಕೈ ಎದೆಗೆ ಹೋಗಿತ್ತು.

ಯಾರೂ ನಗಲಿಲ್ಲ. ಪೀಠದಲ್ಲಿದ್ದ ಸದಸ್ಯರು ತಮ್ಮ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಆದೇಶ ಬಂದ ದಿನವೂ ಹೋಗಿದ್ದೆ. ದಾರ ಕೊಡದೆ ಗಾಡಿ ಕೊಟ್ಟದ್ದು ಪಾರ್ಕಿನ ತಪ್ಪು, ಓಡಿಸಿದವಳದು ತಪ್ಪಲ್ಲ, ಹಿಂದೆ ಕೂತವನು ಹಿಡಿದುಕೊಳ್ಳಬೇಕಿತ್ತು, ಆದ್ದರಿಂದ ಆತನ ಪಾಲು ಸ್ವಲ್ಪ ಕಡಿಮೆ. ಕಲ್ಲಿನ ಬಗ್ಗೆ ಆದೇಶದಲ್ಲಿ ಒಂದಕ್ಷರವಿರಲಿಲ್ಲ. ಅದು ಇನ್ನೂ ಅಲ್ಲೇ ಇದೆ. ಈಗ ದಾರ ಕಟ್ಟಿಯೇ ಕಳಿಸುತ್ತಾರಂತೆ, ಪ್ರತಿ ಗಾಡಿಯೂ ಅಲ್ಲಿ ಬಂದು ನಿಲ್ಲುತ್ತದಂತೆ.

ಹೊರಗೆ ಬಂದಾಗ ಕಟ್ಟಡದ ಮೆಟ್ಟಿಲುಗಳ ಮೇಲೆ ಅವರಿಬ್ಬರೂ ನಿಂತಿದ್ದರು. ಮೆಟ್ಟಿಲಿಗೆ ವಾಕರು ನಡೆಯುವುದಿಲ್ಲ. ಒಂದು ಕಡೆ ಗೋಡೆಯಿತ್ತು, ಇನ್ನೊಂದು ಕಡೆ ಆಕೆ. ಆತ ಒಂದು ಗಳಿಗೆ ನಿಂತು, ಆಕೆಯ ಎಡಗೈ ಹಿಡಿದ.

"ಕಾಕಾ," ಎಂದಳು ಆಕೆ ನನ್ನನ್ನು ನೋಡಿ, "ಮೊದಲ್ನೇದಾಂವ ಯಾರಿಗೆ ಕೈ ಮುಗದ?"

ನಾನು ಚೀಲದಲ್ಲಿ ಏನನ್ನೋ ಹುಡುಕುವವನಂತೆ ಬಗ್ಗಿದೆ.

ಕೆಳಗೆ, ಗೇಟಿನ ಹತ್ತಿರ, ಬೇವಿನ ಮರದ ಬುಡದಲ್ಲಿ ಯಾರೋ ಒಂದು ಕಲ್ಲಿಗೆ ಅರಿಶಿನ ಬಳಿದಿದ್ದರು. ಆಕೆಯ ಮುಖ ಆ ಕಡೆ ತಿರುಗಿತು. ಗಂಡನ ಮುಷ್ಟಿಯೊಳಗೆ ಆಕೆಯ ಎಡಗೈ ಮೇಲೆದ್ದು ಎಳೆಯುತ್ತಿದ್ದುದು ನನಗೆ ಕಾಣಿಸಿತು. ಆಕೆಗೆ ಅದರ ಅರಿವಿದ್ದಂತಿರಲಿಲ್ಲ.

ಆತ ಬಿಡಲಿಲ್ಲ.

"ಮೊದ್ಲು ಮೆಟ್ಲು ಇಳಿಯೂಣು," ಎಂದ. "ಆಮ್ಯಾಲೆ ಮುಗಿಯೂಣು."